ಹೆಸರು ಹಿಡಿದು

"ಅಪಾ! ಅಪಾ!" ಎಂದು ತಾಯಿಯನ್ನು ಕರೆಯುವ ಮಾತಿನಲ್ಲೇ ಕೂಗುತ್ತ ಜಿಪಾರ್ ಅತ್ತೆಯ ಭುಜ ಅಲುಗಿಸಿದಳು. ಅತ್ತೆ ಕಣ್ಣು ತೆರೆಯಲಿಲ್ಲ. ಕ್ಯಾನ್ಸರ್ ರೋಗಿಗಳ ಮನೆಯವರಿಗೆಂದು ನರೀನ್ ಪಟ್ಟಣದಲ್ಲಿ ನಡೆದ ತರಗತಿಯಲ್ಲಿ ನರ್ಸ್ ಹೇಳಿದ್ದಳು: "ನೋವಿನ ಔಷಧಿ ಕೊಟ್ಟ ಮೇಲೆ ಎಚ್ಚರ ಆಗ್ಲಿಲ್ಲ ಅಂದ್ರೆ ಹೆಸರು ಹಿಡಿದು ಜೋರಾಗಿ ಕೂಗಿ." ಸೊಸೆಯಂದಿರೆಲ್ಲ ಬಾಯಿ ಮುಚ್ಚಿಕೊಂಡು ನಕ್ಕಿದ್ದರು. ಅತ್ತೆಯ ಹೆಸರನ್ನು ಯಾವ ಸೊಸೆ ಬಾಯಲ್ಲಿ ಆಡುತ್ತಾಳೆ?

ಹದಿನಾಲ್ಕು ವರ್ಷ ಜಿಪಾರ್ ಆಡಿರಲಿಲ್ಲ. ಅತ್ತೆಯ ಹೆಸರಿನಲ್ಲಿ ಸೇಬು ಇದೆಯೆಂದು ಸೇಬನ್ನೂ 'ಅಲ್ಮಾ' ಎನ್ನದೆ 'ಕೆಂಪು ಹಣ್ಣು' ಎನ್ನುತ್ತಿದ್ದಳು.

"ಅಲ್ಮಾಕನ್!" ಎಂದು ಕಿರುಚಿದಳು.

ಮುದುಕಿ ಕಣ್ಣು ತೆರೆದಳು. "ನಾನಿನ್ನೂ ಸತ್ತಿಲ್ಲ ಕಣೇ. ಆಗ್ಲೇ ಹೆಸರು ಹಿಡಿದು ಕರೆಯೋ ಹಾಗಾದ್ಯಾ?"

ಅಳುತ್ತಲೇ ನಗುತ್ತ ಜಿಪಾರ್ ನೀರಿನ ಚಮಚ ಹಿಡಿದಳು. ಎಂಟು ತಿಂಗಳಿಂದ ತನ್ನ ಮೈ ತೊಳೆಯುತ್ತಿದ್ದ ಆ ಕೈಯನ್ನು ತಳ್ಳಿ, ಮುದುಕಿ ಗೋಡೆಯ ಕಡೆ ತಿರುಗಿದಳು.

"ನೀನು ಬೇಡ. ಮಗನ್ನ ಕರಿ."