ಟಿಕೆಟ್ ಹರಿಯುವ ತನಕ

ಹುಬ್ಬಳ್ಳಿಯ ಒಂದು ಟಾಕೀಸಿನಲ್ಲಿ ಮೂವತ್ತು ವರ್ಷದಿಂದ ಒಂದೇ ಸಿನಿಮಾ. ಪೈಲ್ವಾನನೊಬ್ಬ ಸಂಗೀತದ ಟೀಚರನ್ನು ಮದುವೆಯಾಗುವ ಹಾಸ್ಯಚಿತ್ರ. ಬೇರೆ ಸಿನಿಮಾಗಳಂತಲ್ಲ, ಇದು ‘ಶುಭಂ’ ಬಂದ ಮೇಲೂ ನಿಂತಿರಲಿಲ್ಲ. ದಿನಕ್ಕೊಂದು ಟಿಕೆಟಾದರೂ ಹರಿಯುತ್ತಿರುವ ತನಕ ಪರದೆಯ ಮೇಲಿನ ಗಂಡ ಹೆಂಡತಿ ಸಂಸಾರ ಮಾಡುತ್ತಲೇ ಇರಬೇಕು, ಮುದುಕರಾಗುತ್ತಲೇ ಇರಬೇಕು.

ಇವತ್ತಿನ ಮ್ಯಾಟಿನಿಗೆ ಬಂದವರು ಇಬ್ಬರೇ. ಮದುವೆಯಾದ ವಾರ ಇದೇ ಸಿನಿಮಾ ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದ ಕಸ್ತೂರೆವ್ವ ಮತ್ತು ಆಕೆಯ ಗಂಡ ಮಡಿವಾಳಪ್ಪ. ಈಗ ದಿನಾ ಬರುತ್ತಾರೆ, ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ಕೂರುತ್ತಾರೆ.

ಪರದೆಯಲ್ಲಿ ಪೈಲ್ವಾನ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ. ಟೀಚರು ತಂಬೂರಿಯ ಮೇಲೆ ಒದ್ದೆ ಟವೆಲು ಹರವುತ್ತಿದ್ದಳು. ಇದ್ದಕ್ಕಿದ್ದಂತೆ ಆಕೆ ಇವರಿಬ್ಬರ ಕಡೆ ತಿರುಗಿ ಕೈಮುಗಿದಳು.

“ನೀವು ಎದ್ದು ಹೋಗಿ ಮತ್ತ ಬರದಿದ್ರ ನಮಗ ಬಿಡುಗಡೆ ಆಗ್ತೈತ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಹೋಗ್ರಿ.”



“ಪಾಪ, ನಡಿ ಹೋಗೂಣು,” ಎಂದು ಮಡಿವಾಳಪ್ಪ ಎದ್ದ.

ಕಸ್ತೂರೆವ್ವ ಪರದೆಯಿಂದ ಕಣ್ಣು ಕೀಳಲಿಲ್ಲ.

“ಕುಂದರ್ರಿ. ಮೂವತ್ತು ವರ್ಷ ನಾ ನಿಮ್ಮ ಕೂಡ ಕುಂತಿಲ್ಲೇನು?”