ಸಹಾಯ ಸಿಗದವರ ಪಟ್ಟಿ

"ಕೊನೇ ಪ್ರಶ್ನೆ, ವರ್ನೆಲ್. ಈ ಮೂರು ವರ್ಷ ಮಗನ ಓದಿಗೆ ಯಾರಾದ್ರೂ ಸಹಾಯ ಮಾಡಿದ್ರಾ?" ಸಂಶೋಧಕಿ ಡಾಕ್ಟರ್ ಹೆಲೀನ್ ಆಡ್ಲರ್ ಕೈಯ ಪೆನ್ಸಿಲ್ ಆಗಲೇ 'ಇಲ್ಲ' ಎಂಬ ಚೌಕದ ಮೇಲೆ ಕೂತಿತ್ತು.

ಶಿಕಾಗೋದ ಈ ಬಡ ಕೇರಿಯಲ್ಲಿ ಸರ್ಕಾರದ ಹೊಸ ಶಿಶುಶಾಲೆಗೆ ಸೇರಿದ ಮಕ್ಕಳೂ, ಹೋಲಿಸಿ ನೋಡಲೆಂದು ಹೆಲೀನ್ ಚೀಟಿ ಎತ್ತಿ ಯಾವ ಸಹಾಯವೂ ಇಲ್ಲದೆ ಹೊರಗಿಟ್ಟ ಮಕ್ಕಳೂ ಓದಿನಲ್ಲಿ ಸರಿಸಮವಾಗಿದ್ದರು. ಅಂದರೆ ಶಾಲೆಯಿಂದ ಪ್ರಯೋಜನವಿಲ್ಲ. ಸೋಮವಾರ ವಾಷಿಂಗ್ಟನ್ನಿಗೆ ವರದಿ ಹೋದರೆ ಶಾಲೆಗೆ ಬೀಗ. ಯೋಜನೆಗಳನ್ನು ಹೀಗೆ ಒರೆಗೆ ಹಚ್ಚುವುದನ್ನು ದೇಶಕ್ಕೆ ಕಲಿಸಿದವಳೇ ಅವಳು. ಅವಳ ವರದಿಗೆ ಎದುರು ಮಾತಿರಲಿಲ್ಲ. ವರ್ನೆಲ್‌ಳ ಮಗ ಹೊರಗುಳಿದವರಲ್ಲೊಬ್ಬ.

"ಮಾಡಿದ್ರಲ್ಲ," ಅಂದಳು ವರ್ನೆಲ್.

ಹೆಲೀನ್ ಕಾಗದದಿಂದ ತಲೆಯೆತ್ತಿದಳು. "ಯಾರು? ಶಾಲೆಯವರು ಕದ್ದು ಪಾಠ ಹೇಳಿದ್ರಾ?"

"ಅಯ್ಯೋ, ಅವರೆಲ್ಲಿ ಬರ್ತಾರೆ! ನೀವೇ ಡಾಕ್ಟರಮ್ಮ. ತಿಂಗಳು ತಿಂಗಳು ಬಂದು, 'ಮಗೂಗೆ ಎಷ್ಟು ಪುಸ್ತಕ ಓದಿ ಹೇಳಿದ್ರಿ' ಅಂತ ಕೇಳ್ತಿದ್ರಲ್ಲ? ಒಂದೂ ಇಲ್ಲ ಅನ್ನೋಕೆ ನಾಚಿಕೆ. ನೀವು ಬರೋ ವಾರ ಲೈಬ್ರರಿಗೆ ಓಡ್ತಿದ್ದೆ. ಆಮೇಲೆ ಮಗನೇ ಬಿಡಲಿಲ್ಲ, ದಿನಾ ಓದಿ ಹೇಳು ಅಂತಿದ್ದ."

"ನೀವೊಬ್ರೇನಾ?"

"ನೀವು ಬಾಗಿಲು ತಟ್ಟಿದ ಮನೆಯೋರೆಲ್ಲ ಹಂಗೇ."

ಪೆನ್ಸಿಲ್ ಚೌಕದಿಂದ ಮೇಲೆದ್ದಿತು. ಕೆಳಗೆ 'ಹೌದಾದರೆ, ಯಾರು?' ಎಂಬುದರ ಮುಂದಿದ್ದ ಖಾಲಿ ಗೆರೆಯ ಮೇಲೆ ಹೆಲೀನ್ ತನ್ನ ಹೆಸರು ಬರೆದಳು.