ಏಳನೆಯ ಚಾಕು

"ಇದು ಖೊಟ್ಟಿ ಐತ್ರಿ ಸಾವಕಾರ್ರ," ಎಂದ ಕಾಮಣ್ಣ, ಕಣ್ಣು ಮುಚ್ಚಿಕೊಂಡೇ. ಚಾಕುವನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ತೆರೆದು ಮುಚ್ಚಿದ್ದ, ಅಷ್ಟೇ.

ವಿಕ್ರಾಂತ ಸಾವಕಾರ ಹೊಟ್ಟೆ ಕುಣಿಸಿ ನಕ್ಕ. "ಇರಲಿ ಬಿಡು. ಖೊಟ್ಟಿ ಆದ್ರೂ ಎಣಿಕಿಗಿ ಬರತೈತಿ."

ನಿಪ್ಪಾಣಿಯ ಆ ದೊಡ್ಡ ಪಡಸಾಲೆಯಲ್ಲಿ ಖಂಡೆ ನವಮಿಯ ಪೂಜೆ ಆಗಷ್ಟೇ ಮುಗಿದಿತ್ತು. ಮನೆಯ ಕಬ್ಬಿಣವೆಲ್ಲ ದೇವರ ಮುಂದೆ ಬಂದು ಕೂತಿತ್ತು: ಕುಡಗೋಲು, ಕೊಡಲಿ, ಅಜ್ಜನ ಬಂದೂಕು, ಕಬ್ಬು ಸಾಗಿಸುವ ಹದಿನಾಲ್ಕು ಟ್ರ್ಯಾಕ್ಟರುಗಳ ನಟ್ಟು ಬಿಚ್ಚುವ ಪಾನಾ. ನಡುವೆ ಕೆಂಪು ವಸ್ತ್ರದ ಮೇಲೆ ಏಳು ಮಡಿಚುವ ಚಾಕುಗಳು. ಎಲ್ಲದರ ಮೇಲೂ ಕುಂಕುಮ, ಚೆಂಡು ಹೂ.

ವರ್ಷದಲ್ಲಿ ಈ ಒಂದು ದಿನ ಯಾವ ಮನೆಯ ಕಬ್ಬಿಣವೂ ಕತ್ತಲಲ್ಲಿ ಉಳಿಯುವಂತಿಲ್ಲ. ಕಾಮಣ್ಣನಿಗೆ ಹಬ್ಬವೆಂದರೆ ಇದೊಂದೇ. ಹನ್ನೆರಡು ವರ್ಷಗಳಿಂದ ಈ ದಿನ ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ ಎಂದು ಮನೆ ಮನೆ ತಿರುಗಿದ್ದ. ಬಡವರ ಮನೆಯಲ್ಲಿ ಕರೆದು ತೋರಿಸುತ್ತಿದ್ದರು. ದೊಡ್ಡವರ ಹೊಸ್ತಿಲು ದಾಟಲು ಮಾತ್ರ ಸಕ್ಕರೆ ಕಾರ್ಖಾನೆಯ ನಿವೃತ್ತ ಫಿಟ್ಟರ್ ಎಂಬ ಹೆಸರು ಸಾಲುತ್ತಿರಲಿಲ್ಲ. ಅದಕ್ಕೆ ಚಾಕು ಕಲಿತ. ಉಕ್ಕು ಕಲಿತ. ಈ ವರ್ಷ ಯಾರೋ ಅವನ ಚಾಕುವಿನ ಮಾತನ್ನು ಮೊಬೈಲಿನಲ್ಲಿ ಹಿಡಿದು ಊರೆಲ್ಲ ಹರಿಬಿಟ್ಟರು. ಸಾವಕಾರನೇ ಗಾಡಿ ಕಳಿಸಿದ.

ಚಹಾ ಬಂತು. ಸಾವಕಾರನಿಗೆ ಪಿಂಗಾಣಿ ಕಪ್ಪು, ಕಾಮಣ್ಣನಿಗೆ ಕಾಗದದ್ದು. ಕಾಲ ಬದಲಾಗಿದೆ. ಅವನ ಅಪ್ಪನ ಬಟ್ಟಲನ್ನು ಇಂಥ ಮನೆಗಳವರು ಹೊರಗೆ ಗೋಡೆಯ ಸಂದಿಯಲ್ಲಿ ಇಡುತ್ತಿದ್ದರು. ಈಗ ಕುಡಿದ ಮೇಲೆ ಎಸೆದುಬಿಡುತ್ತಾರೆ. ಸಾವಕಾರ ಅವನ ಊರು ಕೇಳಿದ. ಮಕ್ಕಳೆಷ್ಟು ಎಂದು ಕೇಳಲಿಲ್ಲ.

"ಹಂಗಾದ್ರ ಛಲೋ ಚಾಕು ಅಂದ್ರ ಎಂಥಾದೋ?"

ಕಾಮಣ್ಣ ಅಂಗಿಯ ಒಳಗಿಸೆಯಿಂದ ತನ್ನದೊಂದನ್ನು ತೆಗೆದ. ಎಮ್ಮೆ ಕೊಂಬಿನ ಹಿಡಿ, ಹಿತ್ತಾಳೆಯ ಗುಬ್ಬಿಮೊಳೆ. ತೆರೆದ, ಟಕ್. ಮುಚ್ಚಿದ, ಟಕ್.

"ಮೊದಲ ಈ ಸಪ್ಪಳ ಕೇಳ್ರಿ. ಮಂದಿ ಮೂಗಿನಾಗ ಮಾತಾಡಿದಂಗ ಇರಬಾರದು. ತೆರದ ಮ್ಯಾಲೆ ಅಲಗು ಅಲಗಾಡಬಾರದು. ಮುಚ್ಚಿದ್ರ ನಟ್ಟನಡುವ ಕೂಡಬೇಕು. ಬಿಸಲಿಗಿ ಹಿಡದ್ರ ಬೆನ್ನಾಗ ಸಂದಿ ಕಾಣಬಾರದು. ಬುಡಕ ಮಾಡಿದವನ ಅಚ್ಚು ಇರಬೇಕು. ಸಾಣಿ ಹಿಡದಿರಬಾರದ್ರಿ, ಒಮ್ಮಿನೂ."

"ಅಂದ್ರ ಏನೂ ಕೊಯ್ದಿರಬಾರದು?"

"ಕೊಯ್ದಿದ್ರ ಗೊತ್ತಾಗತೈತ್ರಿ."

ಕಾಮಣ್ಣನ ಮನೆಯಲ್ಲಿ ಅವನ ಮಾತಿಗೆ ಉತ್ತರ ಕೊಡುವುದು ಆ ಟಕ್ ಸದ್ದೊಂದೇ. ಶಿರಗುಪ್ಪಿಯಲ್ಲಿ ಒಂದು ಕೋಣೆ, ಒಂದು ಒಲೆ, ದಿನಕ್ಕೆ ಎರಡು ರೊಟ್ಟಿ. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ನೂರಾ ನಲವತ್ತು ಚಾಕು, ಚಾಕುವಿಲ್ಲದ ಒಂದು ಗೂಡು. ಆ ಗೂಡಿಗೆ ತಕ್ಕ ಚಾಕು ಸಿಗುವ ಮೊದಲು ಕಣ್ಣು ಹೋಗಬಾರದು, ಜೀವ ಹೋಗಬಾರದು. ಅವನಿಗೆ ಬೇಕಾದದ್ದು ಇಷ್ಟೇ. ಬಲಗಣ್ಣಿನಲ್ಲಿ ಈಗಾಗಲೇ ಪೊರೆ ಬಂದಿತ್ತು.

ಹನ್ನೆರಡು ವರ್ಷದ ಹಿಂದೆ ಮಗ ಸಿದ್ದಲಿಂಗ ತೀರಿಕೊಂಡಾಗ ಹಿಡಿದ ಹುಚ್ಚು ಇದು ಎನ್ನುತ್ತಿದ್ದರು ಓಣಿಯವರು. ಕಬ್ಬು ಕಡಿಯುವವರನ್ನು ಕೂಡಿಸಿ ಸಂಘ ಕಟ್ಟಲು ಓಡಾಡುತ್ತಿದ್ದ ಹುಡುಗ ಕಬ್ಬಿನ ಟ್ರಾಲಿಯಿಂದ ಬಿದ್ದು ಸತ್ತ; ಪೊಲೀಸರ ಕಾಗದದಲ್ಲಿ ಹಾಗೇ ಬರೆದಿದೆ. ಮೂರನೆಯ ದಿನ ಚಿತೆಯ ರಕ್ಷೆಯನ್ನು ಹೊಳೆಗೆ ಬಿಡುವ ಮುಂಚೆ ಕಾಮಣ್ಣ ಬೂದಿಯಿಂದ ಏನನ್ನೋ ಆರಿಸಿ ಸುಣ್ಣದ ಡಬ್ಬಿಗೆ ಹಾಕಿಕೊಂಡಿದ್ದ. ಪಕ್ಕದ ಮನೆಯ ತಾರವ್ವ ಇವತ್ತಿಗೂ ಬಯ್ಯುತ್ತಾಳೆ: "ಯಣ್ಣಾ, ಎಲುಬ ಮನ್ಯಾಗ ಇಟಗೊಂಡ್ರ ಹುಡುಗಗ ಮುಕ್ತಿ ಎಲ್ಲಿಂದ ಸಿಗಬೇಕು? ಬಿಟ್ಟ ಬಾ ಅದನ್ನ." ಅವನದು ಒಂದೇ ಉತ್ತರ: "ಬಿಡತೀನವ್ವಾ. ಗೂಡ ತುಂಬಲಿ."

ಕಾಮಣ್ಣ ಉಳಿದ ಚಾಕುಗಳನ್ನು ಒಂದೊಂದಾಗಿ ಎತ್ತಿದ. ಮೊದಲು ಹೆಬ್ಬೆರಳಿನಿಂದ ತುದಿ ಮುಟ್ಟುತ್ತಿದ್ದ, ಆಮೇಲೆ ಉಳಿದದ್ದು. ಆರನೆಯದು ಇಂಗ್ಲೆಂಡಿನ ಶೆಫೀಲ್ಡಿನದು, ಕೂಸಿನ ಉಗುರಿನಂತೆ ಹೊಳೆಯುತ್ತಿತ್ತು. ಅದನ್ನೂ ಕೆಳಗಿಟ್ಟ.

ಏಳನೆಯದರ ಮೇಲೆ ಹೂವಿನ ರಾಶಿಯೇ ಇತ್ತು. ಸರಿಸಿದ. ತೆರೆದ. ಬೆರಳು ತುದಿಯಲ್ಲಿ ನಿಂತುಬಿಟ್ಟಿತು.

"ಅದರಾಗ ಏನ ನೋಡತಿ? ತುದಿ ಮುರದೈತಿ," ಎಂದ ಸಾವಕಾರ. "ಎಳನೀರ ಕೊಚ್ಚಾಕ ಹೋಗಿದ್ದೆ."

"ಎಳನೀರ ಭಾಳ ಗಟ್ಟಿ ಇತ್ತೇನ್ರಿ?"

ಸಾವಕಾರನ ನಗು ಒಂದು ಗಳಿಗೆ ತಡವಾಗಿ ಬಂತು. "ಎಂದೋ ಹೊಳಿಗಿ ಒಗೀತಿದ್ದೆ ಮಾರಾಯಾ. ಆದ್ರ ಅಜ್ಜನ ಕಾಲದಿಂದ ಪೂಜಿಗಿ ಏಳು. ಒಂದು ಕಡಿಮಿ ಆದ್ರ ನಮ್ಮವ್ವ ಮನಿ ತಲಿ ಮ್ಯಾಲೆ ಮಾಡತಾಳ."

ಕಾಮಣ್ಣ ತನ್ನ ಎಮ್ಮೆ ಕೊಂಬಿನ ಚಾಕುವನ್ನು ವಸ್ತ್ರದ ಮೇಲಿಟ್ಟ. "ಇದನ್ನ ಇಟಗೋರಿ. ಏಳು ಏಳೇ ಉಳಿತಾವು. ಅದನ್ನ ನನಗ ಕೊಡ್ರಿ."

"ಏನ, ತಲಿ ಕೆಟ್ಟೈತೇನ ನಿಂದು? ಈ ಮುರಕಾ ಚಾಕುಕ್ಕ ಇದನ್ನ ಕೊಡತಿ?"

"ನನ್ನ ಪೆಟಿಗ್ಯಾಗ ಇಂಥಾದ್ದೊಂದು ಇಲ್ರಿ."

ದೊಡ್ಡ ಜಾಣನಿಗೆ ಟೋಪಿ ಹಾಕಿದ ಖುಷಿಯಲ್ಲಿ ಸಾವಕಾರ, ಕಾಮಣ್ಣ ಮಾತು ಬದಲಿಸುವ ಮೊದಲೇ ಕೊಟ್ಟುಬಿಟ್ಟ. ಮೇಲೆ ಒಂದು ಹೂವನ್ನೂ ಇಟ್ಟು ಕೊಟ್ಟ. ವಾಪಸು ಹೋಗಲು ಗಾಡಿ ಕೊಡಲಿಲ್ಲ.

ಬಸ್ಸಿನುದ್ದಕ್ಕೂ ಕಾಮಣ್ಣ ಎರಡೂ ಕೈಯಿಂದ ಕಿಸೆ ಒತ್ತಿಹಿಡಿದು ಕೂತಿದ್ದ. ಶಿರಗುಪ್ಪಿಯಲ್ಲಿ ಇನ್ನೂ ಬಿಸಿಲಿತ್ತು. "ಊಟ ಆತೇನ ಯಣ್ಣಾ?" ಎಂದು ತಾರವ್ವ ಕೂಗಿದ್ದು ಕೇಳಿಸಲಿಲ್ಲ. ಅಗಳಿ ಹಾಕಿದ. ಪೆಟ್ಟಿಗೆ ಎಳೆದ. ಚಾಕುವಿಲ್ಲದ ಗೂಡಿನಲ್ಲಿದ್ದ ಸುಣ್ಣದ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ತಂದು, ಉಗುರಿನಿಂದ ಮುಚ್ಚಳ ಎಬ್ಬಿಸಿದ.

ಡಬ್ಬಿಯಲ್ಲಿ ಎಲುಬಿರಲಿಲ್ಲ, ಮಗನ ಎದೆಗೂಡಿನ ಬೂದಿಯಲ್ಲಿ ಸಿಕ್ಕಿದ್ದ, ಬೆಂಕಿಗೆ ಕಪ್ಪಾದ, ಜೋಳದ ಕಾಳಿನಷ್ಟು ಉಕ್ಕಿನ ತುದಿ ಇತ್ತು, ಮತ್ತು ಅದು ಏಳನೆಯ ಚಾಕುವಿಗೆ ಕೂದಲೆಳೆಯ ಸಂದಿಯೂ ಇಲ್ಲದೆ ಕೂತಿತು.